ಕೊಪ್ಪದ ಭೂಗೋಳ

ನಮ್ಮ ಜನಕ್ಕೆ ಭೂಗೋಳ ಗೊತ್ತಿಲ್ಲವೆಂದು ಕೊರಗುವುದು ಮೇಷ್ಟರುಗಳಿಗೆ ಒಂದು ಚಟ. ಅದು ನನಗೂ ಉಂಟು. ಮೊನ್ನೆ ತರಗತಿಯಲ್ಲಿ ಕೈಲಾಸದ ವರ್ಣನೆ ಬಂದಾಗ, “ಈ ಪರ್ವತ ಈಗ ಯಾರ ಆಡಳಿತದಲ್ಲಿದೆ?” ಎಂದು ಕೇಳಿದೆ. ಎಲ್ಲರೂ ಮೌನ. ಹಿಂದಿನ ಬೆಂಚಿನವನೊಬ್ಬ ಮಾತ್ರ, “ಶಿವನ ಆಡಳಿತದಲ್ಲಿ ಸಾರ್” ಎಂದ. ಅದು ಟಿಬೆಟ್ಟಿನಲ್ಲಿದೆ, ಟಿಬೆಟ್ಟು ಚೀನದ ಕೈಯಲ್ಲಿದೆ ಎಂದು ತಿಳಿಸಿ, ದೇಶದ ಗತಿ ಹೀಗಾಯಿತಲ್ಲ ಎಂದು ನಿಟ್ಟುಸಿರಿಟ್ಟೆ.

ಆ ಭಾನುವಾರವೇ ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದಲ್ಲಿ ಒಂದು ಕೆಲಸ ಬಿತ್ತು. ಕಾವೇರಿಯ ಆಚೆ ದಡ ಕುಶಾಲನಗರ, ಈಚೆ ದಡ ಕೊಪ್ಪ. ಹೋಟೆಲಿನಲ್ಲಿ ಎದುರಿಗೆ ಕುಳಿತಿದ್ದ ರೈತರೊಬ್ಬರು ನಾನು ಮೇಷ್ಟರೆಂದು ತಿಳಿದೊಡನೆ, “ಬ್ರೆಜಿಲ್‌ನಾಗೆ ಈ ಸಲ ಬೆಳೆ ಹೆಂಗಂತೆ ಸಾರ್?” ಎಂದರು. ನನ್ನ ಕಾಫಿ ಗಂಟಲಲ್ಲೇ ನಿಂತಿತು. ಅವರು ಬೆಳೆಯುವುದು ಹೊಗೆಸೊಪ್ಪು. ಈ ಸೀಮೆಯ ಹೊಗೆಸೊಪ್ಪು ಹಡಗು ಹತ್ತಿ ಪರದೇಶಕ್ಕೆ ಹೋಗುತ್ತದೆ. ಬ್ರೆಜಿಲ್, ಜಿಂಬಾಬ್ವೆಗಳಲ್ಲಿ ಬೆಳೆ ಹುಲುಸಾದರೆ ಇಲ್ಲಿಯ ಹರಾಜುಕಟ್ಟೆಯಲ್ಲಿ ಬೆಲೆ ಕುಗ್ಗೀತೆಂಬ ಭಯ. ಎಂ.ಎ. ಮಾಡಿದವನಿಗೆ ಉತ್ತರ ತಿಳಿಯಲಿಲ್ಲ.

ಹೊರಗೆ ಸೌತೆಕಾಯಿ ಮಾರುವ ಮುದುಕಿಯೊಡನೆ ಕೆಂಗಾವಿಯ ತರುಣ ಭಿಕ್ಷುವೊಬ್ಬ ಕನ್ನಡದಲ್ಲೇ ಚೌಕಾಸಿ ಮಾಡುತ್ತಿದ್ದ. ಕಳೆದ ಮಾನವನ್ನು ಮರಳಿ ಪಡೆಯಲು ನಾನು, “ಇವರ ದೇಶ ಎಲ್ಲಿದೆ ಗೊತ್ತೇನಮ್ಮ?” ಎಂದೆ.

“ಇಲ್ಲೇ ಅಲ್ವಾ ಬುದ್ಧಿ, ಬೈಲಕುಪ್ಪೆ.”

ನಕ್ಕೆ. ಸಿಕ್ಕಿದ್ದೇ ಸಮಯವೆಂದು ಪಾಠ ಶುರುಮಾಡಿದೆ: ಸುಮಾರು 12,000 ಅಡಿ ಎತ್ತರದ ಲ್ಹಾಸಾ, 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದದ್ದು, ಅವರ ಜನಕ್ಕೆಂದು ಅಂದಿನ ಮೈಸೂರು ಸರ್ಕಾರ ಇಲ್ಲಿ ಸುಮಾರು 3,000 ಎಕರೆ ಕೊಟ್ಟದ್ದು. ಮುದುಕಿ ಎಲ್ಲವನ್ನೂ ಕೇಳಿಸಿಕೊಂಡಳು.

“ನಮ್ಮಪ್ಪ ಅಲ್ಲಿ ಕಾಡು ಕಡಿಯೋ ಕೂಲಿಗೆ ಹೋಗಿದ್ರು. ನಮ್ಮ ಬಿಸಿಲು ತಡೀನಾರ್ದೆ ಎಷ್ಟೋ ಜನ ಸತ್ರಂತೆ. ಇಲ್ಲೇ ಹುಟ್ಟಿದ ಹುಡುಗ್ರೂ ‘ನಮ್ಮೂರಿಗೆ ಹೋಯ್ತೀವಿ’ ಅಂತಾವೆ. ಆ ಊರು ಎತ್ಲಾಗೈತೋ ನಂಗೊತ್ತಿಲ್ಲ. ಹೋಗಕ್ಕಾಗಕಿಲ್ಲ ಅನ್ನೋದು ಗೊತ್ತು.”

ನಕಾಶೆ ಬೇಡವೆಂದು ನಾನು ಹೇಳಲಾರೆ; ಆ ಹಿಂದಿನ ಬೆಂಚಿನವನಿಗೆ ಅಂಕ ಕೊಡುವುದೂ ಇಲ್ಲ. ಆದರೆ ಇಷ್ಟು ವರ್ಷ ಟಿಬೆಟ್ಟನ್ನು ‘ಜಗತ್ತಿನ ಛಾವಣಿ’ ಎಂದು ಹೇಳಿಕೊಡುತ್ತ ಬಂದವನಿಗೆ, ಆ ಛಾವಣಿಯ ಕೆಳಗಿನಿಂದ ಹೊರಬಿದ್ದವರು ಪಕ್ಕದ ತಾಲ್ಲೂಕಿನಲ್ಲೇ ಇದ್ದರೂ, ಒಂದು ದಿನವಾದರೂ ಹೋಗಿ ಮಾತನಾಡಿಸೋಣವೆನಿಸಿರಲಿಲ್ಲ.

ಭಿಕ್ಷು ಸೌತೆಕಾಯಿಯನ್ನು ಚೀಲಕ್ಕೆ ಹಾಕಿಕೊಂಡು ನನ್ನತ್ತ ತಿರುಗಿ, “ನಿಮ್ಮದು ಯಾವ ಊರು ಸಾರ್?” ಎಂದ. ಹೇಳಿದೆ. ವಾಡಿಕೆಯಂತೆ ಅದೇ ಪ್ರಶ್ನೆಯನ್ನು ನಾನೂ ಕೇಳಬೇಕಿತ್ತು, ನಾಲಗೆ ಏಳಲಿಲ್ಲ. ಅಷ್ಟರಲ್ಲಿ ಮೈಸೂರಿನ ಬಸ್ಸು ಬಂತು.