ಪಟಿಕದ ಹರಳು ಮತ್ತು ಲೋಳೆಸರ

ಕಳೆದ ತಿಂಗಳು ರಜೆಗೆಂದು ಬಂದಿದ್ದ ಮೊಮ್ಮಗ ಹೊಸದಾಗಿ ಗಡ್ಡ ಹೆರೆದುಕೊಳ್ಳಲು ಕಲಿತಿದ್ದಾನೆ. ಒಂದು ಬೆಳಿಗ್ಗೆ ಕೆಂಪಾದ ಕೆನ್ನೆ ಹಿಡಿದುಕೊಂಡು ಬಂದು, “ತಾತ, ಉರಿ ತಡೆಯೋಕಾಗ್ತಿಲ್ಲ. ನಿಂಬೆರಸ ಹಚ್ಚಿದೆ, ಮನೆಮದ್ದು ಒಳ್ಳೇದಲ್ವಾ?” ಎಂದ. ನನಗೆ ನಗು ಬಂತು. ಬೆನ್ನಿಗೇ ನನ್ನ ತಂದೆಯವರ ಮುಖ ನೆನಪಾಗಿ ಆ ನಗು ನಿಂತಿತು.

ತಂದೆಯವರು ಕ್ಷೌರದ ನಂತರ ಜೀವಮಾನವಿಡೀ ಬಳಸಿದ್ದು ಪಟಿಕದ ಹರಳನ್ನು. ಒದ್ದೆ ಮುಖದ ಮೇಲೆ ಅದನ್ನೊಮ್ಮೆ ಆಡಿಸಿ, ತೊಳೆದು, ಎರಡು ತೊಟ್ಟು ಕೊಬ್ಬರಿ ಎಣ್ಣೆ ಸವರಿಕೊಂಡರೆ ಮುಗಿಯಿತು. ಅದೇ ಪಟಿಕವನ್ನು ಪೊಟ್ಯಾಸಿಯಂ ಹಾಗೂ ಅಲ್ಯೂಮಿನಿಯಂ ಸಲ್ಫೇಟುಗಳು ಕೂಡಿದ ದ್ವಿಲವಣವೆಂದು ನಾನು ತರಗತಿಯಲ್ಲಿ ಬೋಧಿಸುತ್ತಿದ್ದೆ. ನೂಲಿಗೆ ಕಟ್ಟಿ ಹರಳು ಬೆಳೆಸಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಅದು ಚರ್ಮವನ್ನು ಬಿಗಿಗೊಳಿಸಿ, ಸಣ್ಣ ಗೀರುಗಳಿಂದ ಒಸರುವ ರಕ್ತವನ್ನು ನಿಲ್ಲಿಸುತ್ತದೆ.

1996ರಲ್ಲಿ ತಂದೆಯವರ ಕೈ ನಡುಗತೊಡಗಿದಾಗ ರೇಜರ್ ನನ್ನ ಕೈಗೆ ಬಂತು. ಎಂಬತ್ತು ದಾಟಿದ ಅವರ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗಿತ್ತು. ವಾಡಿಕೆಯಂತೆ ಪಟಿಕ ಆಡಿಸುತ್ತಿದ್ದೆ. ಅವರು ಕಣ್ಣು ಮುಚ್ಚಿ ಸುಮ್ಮನೆ ಕುಳಿತಿರುತ್ತಿದ್ದರು. ಕೆಲವು ವಾರಗಳ ನಂತರ ಅಮ್ಮ ಹೇಳಿದರು: “ಅವರಿಗೆ ತುಂಬಾ ಉರಿಯುತ್ತಂತೆ ಕಣಪ್ಪ. ನಿನಗೆ ಬೇಜಾರಾದೀತು ಅಂತ ಬಾಯಿ ಬಿಡೋದಿಲ್ಲ.” ಲವಣಗಳ ಗುಣ ಬಲ್ಲ ಮೇಷ್ಟರಿಗೆ ಎದುರಿಗಿದ್ದ ಮುಖವನ್ನು ಓದಲು ತಿಳಿದಿರಲಿಲ್ಲ.

ಮರುದಿನದಿಂದ ಹಿತ್ತಲಿನ ಲೋಳೆಸರ ನೆರವಿಗೆ ಬಂತು. ಎಲೆಯನ್ನು ಕೊಯ್ದು, ಕೊಯ್ದ ತುದಿ ಕೆಳಗಾಗುವಂತೆ ಕಾಲು ಗಂಟೆ ನಿಲ್ಲಿಸಬೇಕು. ಚರ್ಮವನ್ನು ಕೆರಳಿಸುವ ಹಳದಿ ರಸ ಸೋರಿಹೋಗುತ್ತದೆ. ಆಮೇಲೆ ತೊಳೆದು, ಸಿಪ್ಪೆ ತೆಗೆದು, ತಿಳಿ ಲೋಳೆಯನ್ನಷ್ಟೇ ಕಡೆದು, ತೆಳುಬಟ್ಟೆಯಲ್ಲಿ ಸೋಸಿ, ಎರಡು ಚಮಚಕ್ಕೆ ಒಂದು ಚಮಚ ಪನ್ನೀರು ಬೆರೆಸಬೇಕು. ಇದು ಬೇಗ ಕೆಡುವ ವಸ್ತು. ಫ್ರಿಜ್ಜಿನಲ್ಲಿಟ್ಟರೂ ಎರಡು ಮೂರು ದಿನಗಳಲ್ಲಿ ಮುಗಿಸಿಬಿಡಿ. ಮೊದಲ ದಿನ ಅದನ್ನು ಹಚ್ಚಿದಾಗ ತಂದೆಯವರು ಕಣ್ಣು ತೆರೆದು, “ತಂಪಾಗಿದೆ” ಎಂದರು. ಅವರು ಬದುಕಿದ್ದ ಇನ್ನು ಏಳು ತಿಂಗಳೂ ಆ ಸೇವೆ ನನ್ನದಾಗಿತ್ತು.

ಕ್ಷೌರವಾದ ಚರ್ಮದ ಮೇಲೆ ಕಣ್ಣಿಗೆ ಕಾಣದ ಗೀರುಗಳಿರುತ್ತವೆ. ಗಿಡದಿಂದ ಬಂದದ್ದೆಲ್ಲ ಅದಕ್ಕೆ ಹಿತವೆಂದು ತಿಳಿಯಬಾರದು. ನಿಂಬೆರಸ ತೀಕ್ಷ್ಣ ಆಮ್ಲ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟಂತಹ ಕಲೆಗಳೂ ಏಳಬಹುದು. ಲೋಳೆಸರವೂ ಕೆಲವರಿಗೆ ಒಗ್ಗದು. ಮೊದಲು ಮುಂಗೈಯ ಒಳಭಾಗಕ್ಕೆ ಸವರಿ ಒಂದು ದಿನ ಕಾದು ನೋಡಿ.

ಮೊಮ್ಮಗನ ಮುಖ ತೊಳೆಸಿ, ಲೋಳೆ ಹಚ್ಚಿ, “ಉರಿಯುತ್ತದೆಯೇನೋ?” ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದ. ಆ ಒಂದು ಮಾತನ್ನು ನಾನು ತಂದೆಯವರನ್ನು ಕೇಳಲಿಲ್ಲವಲ್ಲ ಎಂಬ ಕೊರಗು ಇಂದಿಗೂ ಇದೆ. ನಿಮ್ಮ ಮನೆಯ ಹಿರಿಯರಿಗೆ ನೀವು ಇಂಥ ಸೇವೆ ಮಾಡುವ ದಿನ ಬಂದಾಗ ಕೇಳಲು ಮರೆಯದಿರಿ.