ಹೇಳಬಹುದಾಗಿದ್ದ ಒಂದು ಮಾತು

ನಾನು ಪರೇಲಿಗೆ ಬಂದದ್ದು 2001ರಲ್ಲಿ. ಕೆಇಎಂ ಆಸ್ಪತ್ರೆಗೆ ನಡೆದೇ ಹೋಗುವಷ್ಟು ಹತ್ತಿರದ ಹಳೇ ಚಾಳ್. ಗಿರಣಿಗಳು ಓಡುತ್ತಿದ್ದ ಕಾಲದಲ್ಲಿ ಒಂದೊಂದು ಖೋಲಿಯಲ್ಲಿ ಹತ್ತಾರು ಮಂದಿ ಪಾಳಿಯ ಮೇಲೆ ಮಲಗುತ್ತಿದ್ದರಂತೆ. 1982ರ ಮುಷ್ಕರದ ನಂತರ ಗಿರಣಿಗಳು ಮುಚ್ಚುತ್ತಾ ಬಂದವು. ನಮ್ಮ ಕಾಲಕ್ಕೆ ಖೋಲಿಗೆ ಇಬ್ಬರೇ. ನಾನು ಕಾರ್ಕಳದ ಕಡೆಯವನು, ಅವನು ಬಂಟ್ವಾಳದ ಕಡೆಯ ಬ್ಯಾರಿ ಹುಡುಗ. ಅವನ ಹೆಸರು ಇಲ್ಲಿ ಬೇಡ.

ನಾವಿಬ್ಬರೂ ಮಾತಾಡುತ್ತಿದ್ದದ್ದು ತುಳು. ಪರಊರಿನಲ್ಲಿ ತುಳು ಆಡುವವನು ಸಿಕ್ಕಿದರೆ ಅರ್ಧ ಊರು ಸಿಕ್ಕಿದ ಹಾಗೆ. ಮಳೆಗಾಲದಲ್ಲಿ ಅವನ ತಾಯಿ ಹಲಸಿನ ಹಪ್ಪಳ ಕಳಿಸುತ್ತಿದ್ದರು, ನನ್ನ ಅಮ್ಮ ಮಿಡಿ ಉಪ್ಪಿನಕಾಯಿ. ಸ್ಟವ್ ಒಂದೇ. ಅವನು ಮೊಬೈಲ್ ರಿಪೇರಿ ಕಲಿತವನು. ಅಂಗಡಿಯಲ್ಲಿ ಮುಗಿಯದ ಕೆಲಸವನ್ನು ಖೋಲಿಗೇ ತರುತ್ತಿದ್ದ. ವಯರು, ಬ್ಯಾಟರಿ, ಬೆಸುಗೆ ಹಾಕುವ ಕಡ್ಡಿ ಎಲ್ಲ ಮಂಚದ ಅಡಿಯಲ್ಲಿ ಇರುತ್ತಿದ್ದವು.

2006ರ ಜುಲೈ 11, ಮಂಗಳವಾರ. ಸಂಜೆ ಆರೂವರೆಯ ಆಸುಪಾಸಿನಲ್ಲಿ ಪಶ್ಚಿಮ ರೈಲ್ವೆಯ ಲೋಕಲ್‌ಗಳಲ್ಲಿ ಏಳು ಬಾಂಬುಗಳು ಸಿಡಿದವು. ಮಾಟುಂಗಾ ರೋಡ್, ಮಾಹಿಮ್, ಬಾಂದ್ರಾ, ಖಾರ್, ಜೋಗೇಶ್ವರಿ, ಬೊರಿವಲಿ, ಮೀರಾ ರೋಡ್. ಎಲ್ಲವೂ ಫಸ್ಟ್ ಕ್ಲಾಸ್ ಡಬ್ಬಿಗಳಲ್ಲಿ. ಸತ್ತವರು 189 ಮಂದಿ, ಗಾಯಗೊಂಡವರು 800ಕ್ಕೂ ಹೆಚ್ಚು. ನಮ್ಮ ಆಫೀಸಿನ ಅಕೌಂಟ್ಸಿನ ಹಿರಿಯರೊಬ್ಬರು ದಿನವೂ ದಾದರಿಗೆ ಹೋಗಿ ವಿರಾರ್ ಫಾಸ್ಟ್ ಹಿಡಿಯುವವರು. ಅವತ್ತೂ "ನಾಳೆ ಸಿಗುವಾ" ಎಂದು ಹೇಳಿ ಹೋದವರು ಮತ್ತೆ ಬರಲಿಲ್ಲ. ಆ ರಾತ್ರಿ ನಾನೂ ನನ್ನ ಗೆಳೆಯನೂ ಒಟ್ಟಿಗೇ ಕೆಇಎಂಗೆ ರಕ್ತ ಕೊಡಲು ಹೋಗಿ ಸಾಲಿನಲ್ಲಿ ನಿಂತೆವು.

ಮುಂದಿನ ವಾರದಿಂದ ಬಾಡಿಗೆದಾರರ ವಿಚಾರಣೆ ಶುರುವಾಯಿತು. ಖೋಲಿಯ ಒಡತಿ ಕೊಂಕಣದ ಅಜ್ಜಿ, ಹೆದರಿಕೊಂಡು ನಮ್ಮಿಬ್ಬರ ಫೋಟೋ ಕೇಳಿ ಪಡೆದರು. ಒಂದು ಮಧ್ಯಾಹ್ನ ಇಬ್ಬರು ಸಾದಾ ಬಟ್ಟೆಯವರು ಬಂದು ಮಂಚದ ಅಡಿ ನೋಡಿದರು. ವಯರು, ಬ್ಯಾಟರಿ! ಅವನನ್ನು ಕರೆದುಕೊಂಡು ಹೋದರು. ನನ್ನನ್ನು ಬಾಗಿಲ ಬಳಿ ನಿಲ್ಲಿಸಿ, "ಇವನು ನಿನಗೆ ಹೇಗೆ ಗೊತ್ತು?" ಎಂದರು. ನಾನು ಹೇಳಿದ್ದು ಇಷ್ಟೇ: "ಖೋಲಿ ಬಾಡಿಗೆ ಹಂಚಿಕೊಳ್ಳುವವನು ಸಾರ್. ಜಾಸ್ತಿ ಏನೂ ಗೊತ್ತಿಲ್ಲ."

ಐದು ವರ್ಷ ಒಂದೇ ಸ್ಟವ್‌ನಲ್ಲಿ ಅನ್ನ ಬೇಯಿಸಿದವನು ನಾನು. ಸ್ಫೋಟದ ಹೊತ್ತಿಗೆ ಅವನು ಅಂಗಡಿಯಲ್ಲಿದ್ದದ್ದು, ರಾತ್ರಿ ನನ್ನ ಜೊತೆ ರಕ್ತ ಕೊಟ್ಟದ್ದು ಎಲ್ಲ ಗೊತ್ತಿತ್ತು. ಹೇಳಲಿಲ್ಲ.

ನಾಲ್ಕನೇ ದಿನ ಅವನನ್ನು ಬಿಟ್ಟರು. ಕೇಸಿಲ್ಲ, ಕಾಗದವಿಲ್ಲ. ಏನಾಯಿತೆಂದು ಅವನು ಹೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ. ವಾರದೊಳಗೆ ಊರಿಗೆ ಹೊರಟುಹೋದ. ಅವನ ತಾಯಿಯ ಹಪ್ಪಳದ ಡಬ್ಬಿ ಖೋಲಿಯಲ್ಲೇ ಉಳಿಯಿತು.

ಆಮೇಲೆ ನಾನು ಪತ್ರಿಕೆಗಳಲ್ಲಿ ಈ ಕಾನೂನುಗಳ ಸುದ್ದಿಯನ್ನು ಬಿಡದೆ ಓದತೊಡಗಿದೆ. ನಾನು ವಕೀಲನಲ್ಲ, ತಿಳಿದಷ್ಟು ಹೇಳುತ್ತೇನೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಕೋರ್ಟು ಸಾಕ್ಷಿಯೆಂದು ಒಪ್ಪಬಾರದು ಎಂಬುದು 1872ರ ಸಾಕ್ಷ್ಯ ಕಾಯ್ದೆಯಷ್ಟು ಹಳೆಯ ನಿಯಮ. ಬ್ರಿಟಿಷರಿಗೂ ತಮ್ಮ ಪೊಲೀಸರ ಮೇಲೆ ಅಷ್ಟು ನಂಬಿಕೆ ಇರಲಿಲ್ಲ ಅನ್ನಿ. ಟಾಡಾ ಈ ನಿಯಮವನ್ನು ಬದಿಗಿಟ್ಟಿತು. 1995ರಲ್ಲಿ ಟಾಡಾ ಹೋಯಿತು, 2002ರಲ್ಲಿ ಬಂದ ಪೋಟಾ 2004ರಲ್ಲಿ ರದ್ದಾಯಿತು. ಆದರೆ 1999ರ ಮಹಾರಾಷ್ಟ್ರದ ಮೋಕಾ ಕಾಯ್ದೆಯಲ್ಲಿ ಎಸ್‌ಪಿ ದರ್ಜೆಯ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆ ಸಾಕ್ಷಿಯಾಗುತ್ತದೆ. ರೈಲು ಸ್ಫೋಟದ ಕೇಸು ನಡೆದದ್ದು ಅದರ ಅಡಿಯಲ್ಲೇ. ನಮ್ಮ ಕರ್ನಾಟಕವೂ 2000ದಲ್ಲಿ ಅದೇ ಮಾದರಿಯ ಕೋಕಾ ತಂದಿತು.

ಊರಿನಲ್ಲಿ ಕೂತು ಓದುವ ನಿಮಗೆ ಇದು ಮುಂಬಯಿಯ ಕಥೆ ಅನ್ನಿಸಬಹುದು. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳನ್ನು ನೆನಪಿಸಿಕೊಳ್ಳಿ. ವೀರಪ್ಪನ್‌ಗೆ ನೆರವಾದರೆಂದು ಟಾಡಾದಲ್ಲಿ ಹಿಡಿದ ಬಡವರು ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿದ್ದರು. ಟಾಡಾ ಸತ್ತು ಆರು ವರ್ಷ ಕಳೆದ ಮೇಲೆ, 2001ರಲ್ಲಿ, ಅವರಲ್ಲಿ ನೂರಕ್ಕೂ ಹೆಚ್ಚು ಮಂದಿ ನಿರ್ದೋಷಿಗಳೆಂದು ಹೊರಬಂದರು. ಕಾನೂನಿನ ಅವಧಿ ಮುಗಿದರೂ ಕೈದಿಯ ಅವಧಿ ಮುಗಿಯುವುದಿಲ್ಲ.

ಇನ್ನೊಂದು ಕಡೆಯ ಮಾತೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಬಾಂಬ್ ಇಟ್ಟವರ ವಿರುದ್ಧ ಸಾಕ್ಷಿ ಹೇಳಲು ಜನ ಹೆದರುತ್ತಾರೆ. ಸಾಮಾನ್ಯ ಕಾನೂನು ಸಾಲದು ಎನ್ನುತ್ತಾರೆ. 2008ರ ನವೆಂಬರ್ 26ರ ದಾಳಿಯ ಬೆನ್ನಿಗೇ ಯುಎಪಿಎ ಕಾಯ್ದೆಯನ್ನು ಬಿಗಿಗೊಳಿಸಿದಾಗ, ಜಾಮೀನು ಕಷ್ಟವಾದಾಗ, ಚಾರ್ಜ್‌ಶೀಟಿಲ್ಲದೆ 180 ದಿನದವರೆಗೆ ಒಳಗಿಡಬಹುದು ಎಂದಾದಾಗ, ಈ ಊರಿನಲ್ಲಿ ಹೆಚ್ಚಿನವರಿಗೆ ಅದು ಸರಿಯೆನಿಸಿತ್ತು. ಸಿಎಸ್‌ಟಿಯಲ್ಲಿ ಇಳಿದು ಹತ್ತುವ ನನಗೂ ಅನ್ನಿಸಿತ್ತು.

ರೈಲು ಸ್ಫೋಟದ ಕೇಸಿನಲ್ಲಿ 2015ರಲ್ಲಿ ವಿಶೇಷ ನ್ಯಾಯಾಲಯ ಹನ್ನೆರಡು ಜನರನ್ನು ತಪ್ಪಿತಸ್ಥರೆಂದಿತು. ಐವರಿಗೆ ಗಲ್ಲು, ಏಳು ಮಂದಿಗೆ ಜೀವಾವಧಿ. ಒಬ್ಬ ಆರೋಪಿ ಬಿಡುಗಡೆಯಾದ, ಒಂಬತ್ತು ವರ್ಷ ಜೈಲಿನಲ್ಲಿದ್ದು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟು ಆ ಹನ್ನೆರಡೂ ಮಂದಿಯನ್ನು ಖುಲಾಸೆ ಮಾಡಿತು. ತಪ್ಪೊಪ್ಪಿಗೆಗಳನ್ನು ನಂಬಲಾಗದು, ಗುರುತು ಹಿಡಿದ ಸಾಕ್ಷಿಗಳನ್ನೂ ನಂಬಲಾಗದು ಎಂದಿತು. ಅವರಲ್ಲಿ ಒಬ್ಬ 2021ರಲ್ಲೇ ಜೈಲಿನಲ್ಲಿ ತೀರಿಕೊಂಡಿದ್ದ. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಮೂರೇ ದಿನದಲ್ಲಿ ಆ ಕೋರ್ಟು, ಈ ತೀರ್ಪನ್ನು ಬೇರೆ ಕೇಸುಗಳಿಗೆ ಮೇಲ್ಪಂಕ್ತಿ ಮಾಡಿಕೊಳ್ಳಬೇಡಿ ಎಂದಿತು. ಬಿಡುಗಡೆಯಾದವರನ್ನು ಮತ್ತೆ ಜೈಲಿಗೆ ಕಳಿಸಲಿಲ್ಲ.

ಆ ದಿನ ಸಂಜೆ ನಾನು ಅಕೌಂಟ್ಸಿನ ಹಿರಿಯರ ಮನೆಗೆ ಫೋನ್ ಮಾಡಿದೆ. ಅವರ ಹೆಂಡತಿ ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: "ಇವರಲ್ಲ ಅಂದರೆ, ಮಾಡಿದವರು ಯಾರು?" ನನ್ನಲ್ಲಿ ಉತ್ತರವಿರಲಿಲ್ಲ. ಬೇಗ ಒಪ್ಪಿಸಿ, ಬೇಗ ಫೈಲು ಮುಗಿಸುವ ಕಾನೂನು ಬಲವಾದದ್ದು ಎಂದು ನಾವು ತಿಳಿದಿದ್ದೆವು. ಹತ್ತೊಂಬತ್ತು ವರ್ಷದ ಮೇಲೆ ನೋಡಿದರೆ ಜೈಲಿನಲ್ಲಿದ್ದವರ ವಯಸ್ಸೂ ಹೋಗಿತ್ತು, ಈ ಹೆಂಗಸಿನ ಪ್ರಶ್ನೆಯೂ ಹಾಗೇ ಉಳಿದಿತ್ತು. ಹೊಡೆದು ಬರೆಸಿಕೊಂಡ ಕಾಗದದಿಂದ ಸತ್ತವರಿಗೆ ನ್ಯಾಯ ಸಿಗುವುದಿಲ್ಲ ಎಂಬುದು ನನಗೆ ಅರ್ಥವಾದದ್ದು ಅವರ ಆ ಮಾತಿನಿಂದ.

ರಾತ್ರಿ ಬಂಟ್ವಾಳಕ್ಕೂ ಫೋನ್ ಮಾಡಿದೆ. ನಂಬರ್ ವರ್ಷಗಳಿಂದ ನನ್ನಲ್ಲಿತ್ತು, ಮಾಡಿರಲಿಲ್ಲ. ಅವನು ಈಗ ಬಿ.ಸಿ. ರೋಡಿನಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾನೆ.

"ಎಂತ ಮಾರಾಯ, ಇಷ್ಟು ವರ್ಷದ ಮೇಲೆ? ಪರೇಲಿನಲ್ಲಿ ಮಳೆ ಉಂಟಾ?"

ಮಳೆಯ ಸುದ್ದಿ, ಮಕ್ಕಳ ಸುದ್ದಿ ಆಯಿತು. ಅವನ ತಾಯಿ ಎರಡು ವರ್ಷದ ಹಿಂದೆ ತೀರಿಕೊಂಡರಂತೆ. ಕೊನೆಗೆ ನಾನೇ ಆ ದಿನದ ವಿಷಯ ಎತ್ತಿದೆ. ಅವತ್ತು ಬಾಗಿಲ ಬಳಿ ನಾನು ಹೇಳಿದ್ದು ತಪ್ಪು ಎಂದೆ.

"ನಾನು ಮೆಟ್ಟಿಲ ಮೇಲೇ ಇದ್ದೆ, ಕೇಳಿಸಿತ್ತು," ಎಂದ. ಸ್ವಲ್ಪ ತಡೆದು, "ನೀನು ಹೇಳಿದರೂ ಅವರು ಕರೆದುಕೊಂಡೇ ಹೋಗುತ್ತಿದ್ದರು, ಬಿಡು. ಆದರೆ ಆ ನಾಲ್ಕು ದಿನ ಒಳಗೆ ಕೂತು, ಹೊರಗೆ ನನ್ನನ್ನು ಗೊತ್ತಿರುವವನು ಒಬ್ಬ ಇದ್ದಾನೆ ಅಂತ ನೆನಸಿಕೊಳ್ಳಬಹುದಿತ್ತಲ್ಲ ಮಾರಾಯ," ಎಂದ.

ಊರಿಗೆ ಬಂದಾಗ ಅಂಗಡಿಗೆ ಬಾ ಎಂದಿದ್ದಾನೆ. ಮುಂದಿನ ತಿಂಗಳು ಮಂಗಳೂರಿಗೆ ರೈಲಿನ ಟಿಕೆಟ್ ಮಾಡಿಸಿದ್ದೇನೆ.