ಹಿಮಾರಣ್ಯದ ಪಕ್ಷಿಗಳು

ಪಕ್ಷಿಗಳು ನಾಳೆಗೆಂದು ಕೂಡಿಡುವುದಿಲ್ಲ, ಅಂದಂದಿನ ಆಹಾರವನ್ನು ಅಂದಂದೇ ಅರಸಿಕೊಳ್ಳುವುವು ಎಂಬುದು ಲೋಕರೂಢಿಯ ಮಾತು. ಈ ಮಾತು ಎಲ್ಲ ಪಕ್ಷಿಗಳಿಗೂ ಸಲ್ಲದೆಂಬುದನ್ನು ನಾವು ಕೆನಡಾ ದೇಶದ ಆಲ್ಗಾಂಕ್ವಿನ್ ಅರಣ್ಯದಲ್ಲಿ ಪ್ರತ್ಯಕ್ಷವಾಗಿ ಕಂಡೆವು. ಟೊರಾಂಟೊ ನಗರದಿಂದ ಉತ್ತರಕ್ಕೆ ಮೋಟಾರಿನಲ್ಲಿ ಸುಮಾರು ಮೂರು ಗಂಟೆಯ ಪ್ರಯಾಣ. 1893ರಲ್ಲಿ ರಕ್ಷಿತಾರಣ್ಯವಾಗಿ ಏರ್ಪಟ್ಟ ಈ ಪ್ರದೇಶವು 7,600 ಚದರ ಕಿಲೋಮೀಟರಿಗೂ ಮೀರಿದ ವಿಸ್ತಾರವುಳ್ಳದ್ದು. ಇದರ ದಿಬ್ಬಗಳ ಮೇಲೆ ಎಲೆಯುದುರುವ ಮೇಪಲ್ ಮರಗಳೂ, ತಗ್ಗಿನ ಜೌಗುನೆಲದಲ್ಲಿ ಸದಾ ಹಸಿರಾದ ಸ್ಪ್ರೂಸ್ ಎಂಬ ಸೂಜಿಯೆಲೆಯ ಮರಗಳೂ ಬೆಳೆದಿರುವುವು.

ನಾವು ಹೋದುದು ಫೆಬ್ರವರಿ ತಿಂಗಳ ಕಡೆಯಲ್ಲಿ. ಸರೋವರಗಳೆಲ್ಲ ಗಟ್ಟಿ ನೆಲದಂತೆ ಹೆಪ್ಪುಗಟ್ಟಿದ್ದುವು. ಹೆದ್ದಾರಿಯ ಪಕ್ಕದಲ್ಲಿ ಮೋಟಾರನ್ನು ನಿಲ್ಲಿಸಿ, ಜೌಗಿನ ಮೇಲೆ ಹಲಗೆ ಹಾಸಿದ ಕಾಲುದಾರಿಯನ್ನು ಹಿಡಿದೆವು. ಉಸಿರಿನ ಹಬೆಯು ಕಂಬಳಿಯ ಅಂಚಿನಲ್ಲಿಯೇ ಹರಳುಗಟ್ಟುವಷ್ಟು ಚಳಿ. ಇಂತಹ ಕಡೆ ಜೀವಿಗಳು ಹೇಗೆ ಬದುಕಿಯಾವು ಎಂದು ಯೋಚಿಸುತ್ತಿರುವಾಗಲೇ ತಲೆಯ ಮೇಲಿನ ಕೊಂಬೆಯಿಂದ “ಚಿಕಡೀ, ಡೀ, ಡೀ” ಎಂಬ ಧ್ವನಿಯು ಕೇಳಿಬಂದಿತು.

ಈ ಕೂಗೇ ಆ ಹಕ್ಕಿಗೆ ಚಿಕಡೀ ಎಂಬ ಹೆಸರನ್ನು ತಂದಿದೆ. ಕರಿಯ ಟೊಪ್ಪಿಗೆ, ಕರಿಯ ಕೊರಳು, ಬಿಳಿಯ ಕೆನ್ನೆ; ತೂಕವು ಸುಮಾರು 11 ಗ್ರಾಮು ಮಾತ್ರ. ಅಪಾಯವು ಹೆಚ್ಚಿದಷ್ಟೂ ಕೂಗಿನ ಕಡೆಯ “ಡೀ” ಕಾರಗಳು ಹೆಚ್ಚುವುವೆಂದು ತಿಳಿದವರು ಕಂಡುಕೊಂಡಿದ್ದಾರೆ. ರಾತ್ರಿಯ ಚಳಿಯಲ್ಲಿ ಇದು ತನ್ನ ಮೈಯ ಶಾಖವನ್ನು ಹತ್ತು ಡಿಗ್ರಿಯಷ್ಟು ಇಳಿಸಿಕೊಂಡು, ಹಗಲು ಗಳಿಸಿದ ಕೊಬ್ಬನ್ನು ಮಿತವಾಗಿ ವೆಚ್ಚಮಾಡುವುದು. ಇದರ ಹಿಂಡಿನಲ್ಲಿಯೇ ಕಿಂಗ್‌ಲೆಟ್ ಎಂಬ ಇನ್ನೂ ಕಿರಿಯ ಹಕ್ಕಿಯನ್ನು ಕಂಡೆವು. ನೆತ್ತಿಯ ಮೇಲೆ ಹೊಂಬಣ್ಣದ ಪಟ್ಟಿಯಿರುವ ಈ ಆರು ಗ್ರಾಮಿನ ಜೀವವು ರಾತ್ರಿ ತನ್ನ ಜೊತೆಗಾರರೊಡನೆ ಒಂದಕ್ಕೊಂದು ಒತ್ತಿಕೊಂಡು ಕುಳಿತು ಬೆಳಗು ಕಾಣುವುದು.

ಆದರೆ ನಾವು ಮುಖ್ಯವಾಗಿ ನೋಡಬಂದುದು ಕೆನಡಾ ಜೇ ಎಂಬ ಪಕ್ಷಿಯನ್ನು. ನಮ್ಮ ಕಡೆಯ ನೀಲಕಂಠವನ್ನು ಇಂಗ್ಲಿಷರು ಹಿಂದೆ ‘ಬ್ಲೂ ಜೇ’ ಎಂದು ಕರೆಯುತ್ತಿದ್ದುದುಂಟು; ವಾಚಕರು ಎರಡನ್ನೂ ಒಂದೆಂದು ಭಾವಿಸಬಾರದು. ನಿಜವಾದ ಜೇ ಪಕ್ಷಿಗಳು ಕಾಗೆಯ ಕುಲದವು. ಕ್ರೀ ಎಂಬ ಮೂಲನಿವಾಸಿಗಳ ಕಥೆಗಳಲ್ಲಿ ಬರುವ ವಿಸಕೆಜಾಕ್ ಎಂಬ ಚೇಷ್ಟೆಗಾರನ ಹೆಸರು ಇದಕ್ಕೂ ಸಂದಿತು. ಅದು ಇಂಗ್ಲಿಷರ ಬಾಯಲ್ಲಿ ‘ವಿಸ್ಕಿ ಜಾಕ್’ ಆಯಿತು.

ಬೂದಿಬಣ್ಣದ ಮೈ, ಬಿಳಿಯ ಮುಖ, ಗೊರವಂಕಕ್ಕಿಂತ ತುಸು ಉದ್ದವಾದ ಗಾತ್ರ. ಸದ್ದಿಲ್ಲದೆ ತೇಲಿಬಂದ ಒಂದು ಹಕ್ಕಿಯು ನಮ್ಮ ಸಂಗಡಿಗರು ನೀಡಿದ ಅಂಗೈಯ ಮೇಲೆಯೇ ಕುಳಿತು ಒಣದ್ರಾಕ್ಷಿಯನ್ನು ಕಚ್ಚಿಕೊಂಡಿತು. ಅದರ ಕಾಲಿನಲ್ಲಿ ಬಣ್ಣದ ಬಳೆಗಳಿದ್ದುವು. ಇಲ್ಲಿನ ಜೇ ಪಕ್ಷಿಗಳನ್ನು 1960ರ ದಶಕದಿಂದಲೂ ಹೀಗೆ ಗುರುತಿಟ್ಟು ಪರಿಶೀಲಿಸುತ್ತ ಬಂದಿದ್ದಾರೆ. ಹಕ್ಕಿಯು ದ್ರಾಕ್ಷಿಯನ್ನು ನುಂಗಲಿಲ್ಲ. ಒಂದು ಸ್ಪ್ರೂಸ್ ಮರಕ್ಕೆ ಹಾರಿ, ತನ್ನ ಅಂಟು ಜೊಲ್ಲಿನಿಂದ ಅದನ್ನು ತೊಗಟೆಯ ಸಂದಿಗೆ ಮೆತ್ತಿ ಮತ್ತೆ ಬಂದಿತು. ಬೇಸಗೆ ಶರತ್ಕಾಲಗಳಲ್ಲಿ ಹಣ್ಣು, ಅಣಬೆ, ಹುಳು, ಮಾಂಸದ ಚೂರು ಇವೆಲ್ಲವನ್ನೂ ಹೀಗೆಯೇ ಸಾವಿರಾರು ಕಡೆ ಅಡಗಿಸಿ, ಅಡಗಿಸಿದ ತಾಣಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು.

ಈ ಕಣಜದ ಬಲದಿಂದಲೇ ಇದು ದಕ್ಷಿಣಕ್ಕೆ ವಲಸೆ ಹೋಗದೆ ಇಲ್ಲಿಯೇ ನಿಲ್ಲುವುದು. ಅಷ್ಟೇ ಅಲ್ಲ, ಹಿಮವು ಕರಗುವುದಕ್ಕೆ ಬಹಳ ಮುಂಚೆಯೇ ಗೂಡು ಕಟ್ಟಿ ಮಾರ್ಚಿ ತಿಂಗಳಲ್ಲಿ ಮೊಟ್ಟೆಯಿಡುವುದು. ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಹೆಣ್ಣು ಕಾವಿಗೆ ಕುಳಿತಿರುವುದು. ಗಂಡು ಉಣಿಸನ್ನು ತಂದುಕೊಡುವುದು. ಮರಿಗಳಿಗೂ ಕೂಡಿಟ್ಟ ಆಹಾರವೇ ಆಧಾರ. ಜೂನ್ ತಿಂಗಳ ವೇಳೆಗೆ ಬಲವಾದ ಮರಿಯು ಒಡಹುಟ್ಟಿದವುಗಳನ್ನು ಅಟ್ಟಿ, ತಾನೊಂದೇ ತಾಯ್ತಂದೆಗಳ ಬಳಿ ಉಳಿಯುವುದು.

ನಮ್ಮ ಗೃಹಿಣಿಯರು ಉಪ್ಪು, ಎಣ್ಣೆ, ಬಿಸಿಲುಗಳಿಂದ ಪದಾರ್ಥಗಳನ್ನು ಕಾಪಾಡುವರು. ಈ ಹಕ್ಕಿಗೆ ಅವೆಲ್ಲದರ ಬದಲು ಚಳಿಯೊಂದೇ ಇರುವುದು. ಶರತ್ಕಾಲವು ಬೆಚ್ಚಗಾಗಿ, ಹೆಪ್ಪುಗಟ್ಟಿದ ಆಹಾರವು ಮತ್ತೆ ಮತ್ತೆ ಕರಗಿದರೆ ಕೂಡಿಟ್ಟುದು ಕೆಡುವುದು, ಮರಿಗಳು ಕಡಿಮೆಯಾಗುವುವು. ಥಾಮಸ್ ವೇಟ್ ಮತ್ತು ಡಾನ್ ಸ್ಟ್ರಿಕ್ಲೆಂಡ್ ಎಂಬ ಶೋಧಕರು 2006ರಲ್ಲಿ ಈ ಸಂಗತಿಯನ್ನು ಪ್ರಕಟಿಸಿದರು. ಪರಿಶೀಲನೆಗೆ ಒಳಪಟ್ಟ ಪ್ರದೇಶದಲ್ಲಿ ಈ ಪಕ್ಷಿಗಳ ಸಂಖ್ಯೆಯು ಹಿಂದಿದ್ದುದರ ಅರ್ಧಕ್ಕಿಂತಲೂ ಕೆಳಗೆ ಇಳಿದಿದೆ. ಮೇಪಲ್ ಮರಗಳ ದಿಬ್ಬಗಳಲ್ಲಿ ಜೋಡಿಗಳು ಅಳಿದುಹೋಗಿ, ಸ್ಪ್ರೂಸ್ ಮರಗಳ ಜೌಗಿನಲ್ಲಿ ಮಾತ್ರ ಹೆಚ್ಚಾಗಿ ಉಳಿದಿವೆ; ಸ್ಪ್ರೂಸ್ ತೊಗಟೆಯಲ್ಲಿಟ್ಟ ಆಹಾರವು ಬೇಗ ಕೆಡುವುದಿಲ್ಲವೆಂದು ಪರೀಕ್ಷೆಗಳಿಂದ ತಿಳಿದಿದೆ.

ಹೊತ್ತಿಳಿಯುವ ವೇಳೆಗೆ ನಾವು ಹಿಂದಿರುಗಿದೆವು. ಕೈಕಾಲುಗಳು ಮರಗಟ್ಟಿದ್ದುವು, ಆದರೂ ಚಳಿಯನ್ನು ದೂರಲು ನಮಗಾರಿಗೂ ಮನಸ್ಸು ಬರಲಿಲ್ಲ. ನಮಗೆ ಕಷ್ಟವಾದ ಆ ಚಳಿಯೇ, ಮುಂದೆ ಹುಟ್ಟಲಿರುವ ಮರಿಗಳ ಅನ್ನವನ್ನು ಕಾಯುತ್ತಲಿದ್ದಿತು.